ಮಣಿಕಟ್ಟಿನ ಲಾಕ್ ಹಾಕಬೇಕೆಂದರೆ ಮೊದಲು ಮೊಣಕೈ ಹಿಡಿಯಿರಿ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವನು. ಹೈಸ್ಕೂಲಿನಿಂದಲೂ ಊರ ತಾಲೀಮಿನಲ್ಲಿ ಮಣ್ಣಿನ ಕುಸ್ತಿ ಆಡಿದ್ದೇನೆ. ಈಗ ಬೆಳಗಾವಿಯಲ್ಲಿ ಡಿಗ್ರಿ ಓದುತ್ತ ಸಂಜೆ ಹೊತ್ತು ಜೂಜಿತ್ಸು ಕ್ಲಾಸಿಗೆ ಹೋಗುತ್ತಿದ್ದೇನೆ. ಮೊಬೈಲಿನಲ್ಲಿ ನೋಡಿದ ರಿಸ್ಟ್ ಲಾಕ್‌ಗಳನ್ನು (ಮಣಿಕಟ್ಟು ಬಗ್ಗಿಸಿ ಇಲ್ಲವೇ ತಿರುವಿ ಎದುರಾಳಿಯನ್ನು ಮಣಿಸುವ ಪಟ್ಟುಗಳನ್ನು) ರಜೆಯಲ್ಲಿ ಊರ ಹುಡುಗರ ಮೇಲೆ ಹಾಕಿ ನೋಡಿದೆ. ಒಬ್ಬರೂ ಬೀಳಲಿಲ್ಲ. ಕೈ ಕಿತ್ತುಕೊಂಡು ನೇರವಾಗಿ ನನ್ನ ಕಾಲಿಗೇ ಬರುತ್ತಾರೆ. ವಸ್ತಾದರು “ಇದು ಕುಸ್ತಿ ಅಲ್ಲ, ಕೈ ಮುರಿಯೋ ಕೆಲಸ” ಅಂದರು. ಕ್ಲಾಸಿನಲ್ಲೂ ಬಿಳಿ ಬೆಲ್ಟಿನ ಹೊಸಬರಿಗೆ ಇದನ್ನು ಕಲಿಸುವುದಿಲ್ಲ. ಈ ಪಟ್ಟುಗಳು ನಿಜವಾಗಿ ಕೆಲಸ ಮಾಡುತ್ತವೆಯೇ? ಮಾಡುವುದಾದರೆ ನಾನು ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ಮಾತು. ಹತ್ತು ದಿನದ ಹಿಂದೆ ಅಂಗೈ ಊರಿ ಬಿದ್ದೆ. ಹೆಬ್ಬೆರಳಿನ ಬುಡದಲ್ಲಿ ಸಣ್ಣ ನೋವು ಇನ್ನೂ ಇದೆ. ಉಳುಕು ತೆಗೆಸಿದರೆ ಸಾಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅದು ಕಾಯುವಂಥದ್ದಲ್ಲ.

ಉಳುಕು ತೆಗೆಸಬೇಡಿ. ಎಣ್ಣೆ ಹಚ್ಚಿ ತಿಕ್ಕಿಸುವುದೂ ಬೇಡ, ಎಳೆಸುವುದೂ ಬೇಡ. ಹೆಬ್ಬೆರಳನ್ನು ಬಿಗಿಯಾಗಿ ಮೇಲಕ್ಕೆತ್ತಿ ನೋಡಿ. ಅದರ ಬುಡದಲ್ಲಿ, ಮಣಿಕಟ್ಟಿನ ಹಿಂಬದಿಗೆ, ಎರಡು ನರ ಎದ್ದು ನಿಂತು ನಡುವೆ ಸಣ್ಣ ತಗ್ಗು ಬೀಳುತ್ತದೆ. ಇನ್ನೊಂದು ಕೈಯ ಬೆರಳಿನಿಂದ ಆ ತಗ್ಗನ್ನು ಒತ್ತಿ. ಅಲ್ಲಿ ಚುಚ್ಚಿದಂತೆ ನೋವಾದರೆ ಸ್ಕೇಫಾಯ್ಡ್ ಎಂಬ ಪುಟ್ಟ ಎಲುಬು ಬಿರುಕು ಬಿಟ್ಟಿರುವ ಸಾಧ್ಯತೆ ಇದೆ. ಅಂಗೈ ಊರಿ ಬಿದ್ದ ಹರೆಯದವರಲ್ಲಿ ಇದು ಮೇಲಿಂದ ಮೇಲೆ ಕಾಣುವ ಗಾಯ. ಬಾವು ಹೆಚ್ಚಿರುವುದಿಲ್ಲ, ಕೈಯೂ ಆಡುತ್ತಿರುತ್ತದೆ. ಹಾಗಾಗಿ ಹುಡುಗರು ಉಳುಕು ಅಂದುಕೊಂಡು ಬಿಟ್ಟುಬಿಡುತ್ತಾರೆ. ಈ ಎಲುಬಿಗೆ ರಕ್ತ ಬರುವುದು ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಲುಪದೆ ಎಲುಬು ಕೂಡುವುದೇ ಇಲ್ಲದಂತಾಗಬಹುದು, ಆ ತುಂಡು ಸತ್ತೂ ಹೋಗಬಹುದು. ಬಿದ್ದ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ 10ರಿಂದ 14 ದಿನ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಕಾಣುವುದುಂಟು. ನೀವು ಸರಿಯಾಗಿ ಆ ಹೊತ್ತಿನಲ್ಲೇ ಇದ್ದೀರಿ. ನಾಳೆಯೇ ಎಲುಬಿನ ಡಾಕ್ಟರ್ ಬಳಿ ಹೋಗಿ, ಅಂಗೈ ಊರಿ ಬಿದ್ದದ್ದನ್ನೂ ನೋವಿನ ಜಾಗವನ್ನೂ ಬಿಡಿಸಿ ಹೇಳಿ. ಅವರು ಹೂಂ ಅನ್ನುವವರೆಗೆ ಆ ಕೈಗೆ ದಂಡವೂ ಇಲ್ಲ, ಗದೆಯೂ ಇಲ್ಲ, ಲಾಕ್ ಅಂತೂ ಇಲ್ಲವೇ ಇಲ್ಲ. ಕೆಳಗೆ ಹೇಳುವ ಎಲ್ಲವನ್ನೂ ಇನ್ನೊಂದು ಕೈಯಲ್ಲಿ ಮಾಡಿ ನೋಡಿ.

ಈಗ ಲಾಕಿನ ವಿಚಾರ. ಪಟ್ಟು ಕೆಲಸ ಮಾಡುತ್ತದೆ. ನೀವು ಹಾಕಿದ್ದು ಪಟ್ಟಿನ ಕೊನೆಯ ಹೆಜ್ಜೆಯನ್ನು ಮಾತ್ರ.

ಒಬ್ಬ ಗೆಳೆಯನನ್ನು ಕರೆದುಕೊಳ್ಳಿ. ಬಯಲಲ್ಲಿ ನಿಂತು ಮೊಣಕೈ ಮಡಚಿ ಮುಂಗೈಯನ್ನು ಮುಂದಕ್ಕೆ ಚಾಚಿ, ಬೆರಳುಗಳು ನೆಲ ನೋಡುವಂತೆ ಮಣಿಕಟ್ಟು ಬಗ್ಗಿಸಿ. ನಿಮ್ಮ ಕೈಬೆನ್ನಿನ ಮೇಲೆ ಅಂಗೈ ಇಟ್ಟು ನಿಮ್ಮ ಮೊಣಕೈ ಕಡೆಗೇ ನಿಧಾನ ಒತ್ತಲು ಅವನಿಗೆ ಹೇಳಿ. ಅವನು ಒತ್ತಿದಷ್ಟೂ ನಿಮ್ಮ ಮೊಣಕೈ ಹಿಂದೆ ಸರಿಯುತ್ತದೆ, ಭುಜ ಏಳುತ್ತದೆ, ಕೈ ಕಳಚಿಕೊಳ್ಳುತ್ತದೆ. ಏನೂ ಆಗುವುದಿಲ್ಲ. ಈಗ ಗೋಡೆಗೆ ಬೆನ್ನು ಹಚ್ಚಿ, ಮೊಣಕೈ ಗೋಡೆಗೆ ತಾಗುವಂತೆ ನಿಲ್ಲಿ. ಅದೇ ಬಗ್ಗಿದ ಕೈ, ಅದೇ ಒತ್ತು. ಅವನು ಅರ್ಧ ಬಲ ಹಾಕುವ ಮೊದಲೇ ನೀವು “ಸಾಕು” ಅನ್ನುತ್ತೀರಿ. ಎರಡು ಸಲವೂ ಮಣಿಕಟ್ಟು ನಿಮ್ಮದೇ, ಒತ್ತಿದವನೂ ಅವನೇ. ಗೋಡೆ ಬಂದದ್ದೊಂದೇ ವ್ಯತ್ಯಾಸ. ಗೋಡೆ ಇಲ್ಲದ ಕಡೆ ನಿಮ್ಮ ಎದೆ, ನಿಮ್ಮ ಬಗಲು ಅಥವಾ ಕೆಳಗಿನ ಮ್ಯಾಟ್ ಆ ಕೆಲಸ ಮಾಡಬೇಕು. ನಮ್ಮ ಹುಡುಗರಿಗೆ ನಾನು ದಿನವೂ ಹೇಳುವುದು ಇದನ್ನೇ: “ಮುಂಗೈ ಆಮ್ಯಾಲೆ ತಮ್ಮಾ, ಮೊದಲ ಮೊಣಕೈ ಎಲ್ಲೈತಿ ನೋಡು.”

ಹೀಗೇಕೆ ಎಂಬುದು ಎಲುಬಿನ ಜೋಡಣೆಯಲ್ಲೇ ಇದೆ. ಮಣಿಕಟ್ಟಿನಲ್ಲಿ ಎರಡು ಸಾಲಾಗಿ 8 ಸಣ್ಣ ಎಲುಬುಗಳಿವೆ. ಸಾಮಾನ್ಯರ ಕೈ ಅಂಗೈ ಕಡೆಗೆ ಸುಮಾರು 80 ಡಿಗ್ರಿ, ಹಿಂದಕ್ಕೆ ಸುಮಾರು 70, ಕಿರುಬೆರಳಿನ ಕಡೆಗೆ 30, ಹೆಬ್ಬೆರಳಿನ ಕಡೆಗೆ 20 ಡಿಗ್ರಿ ಬಗ್ಗುತ್ತದೆ. ತಿರುಚುವುದು ಬೇರೆ ಲೆಕ್ಕ. ಬೀಗದ ಕೈ ತಿರುವಿದಂತೆ ಕೈ ತಿರುಗುವಾಗ ಮಣಿಕಟ್ಟು ತಾನಾಗಿ ಹೆಚ್ಚೇನೂ ತಿರುಗುವುದಿಲ್ಲ. ಮುಂಗೈಯ ಎರಡು ಉದ್ದ ಎಲುಬುಗಳು ಒಂದರ ಮೇಲೊಂದು ಹೊರಳುತ್ತವೆ. ಅಂದರೆ ನೀವು ಯಾರದೋ ಮಣಿಕಟ್ಟು ತಿರುವಿದಾಗ ಆ ತಿರುವು ಮೇಲೇರಿ ಮೊಣಕೈಗೂ ಭುಜಕ್ಕೂ ಹೋಗುತ್ತದೆ. ಆ ಎರಡರಲ್ಲಿ ಒಂದಕ್ಕೆ ಓಡಾಡಲು ಜಾಗ ಸಿಕ್ಕರೂ ಲಾಕ್ ಸತ್ತಂತೆ. ತಾಲೀಮಿನ ಹುಡುಗ ಕೈ ಕಿತ್ತುಕೊಂಡದ್ದು ಬರೀ ಶಕ್ತಿಯಿಂದಲ್ಲ. ನೀವು ಅವನ ಮೊಣಕೈಯನ್ನು ಬಿಟ್ಟುಕೊಟ್ಟಿದ್ದಿರಿ.

ಹಾಗಾದರೆ ವಿಡಿಯೊದಲ್ಲಿ ಜನ ಹಾರಿ ಬೀಳುತ್ತಾರಲ್ಲ? ಅದೂ ಮೋಸವಲ್ಲ. ಐಕಿಡೋ ಎಂಬ ಜಪಾನಿ ಸಮರಕಲೆಯಲ್ಲಿ ಕೋತೆ-ಗಾಯೆಶಿ, ನಿಕ್ಯೊ, ಸಾಂಕ್ಯೊ ಎಂಬ ಮಣಿಕಟ್ಟಿನ ಪಟ್ಟುಗಳಿವೆ. ಅವುಗಳ ಜೊತೆಗೇ ಬೀಳುವುದನ್ನೂ ಕಲಿಸುತ್ತಾರೆ. ಕೀಲಿಗೆ ಪೂರ್ತಿ ಭಾರ ಬೀಳುವ ಮುಂಚೆಯೇ ಜೊತೆಗಾರ ತಿರುವಿನ ದಿಕ್ಕಿಗೆ ಮೈಯನ್ನು ಹಾರಿಸಿ ಮಣಿಕಟ್ಟನ್ನು ಉಳಿಸಿಕೊಳ್ಳುತ್ತಾನೆ. ಬೀಳುವುದು ಅವನ ವಿದ್ಯೆ. ನಿಮ್ಮೂರ ಹುಡುಗನಿಗೆ ಆ ವಿದ್ಯೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಿಡಿದ ಕೈಯನ್ನು ಬಿಡಿಸಿಕೊಂಡು ಒಳಗೆ ನುಗ್ಗುವುದೇ ಅವನು ಚಿಕ್ಕಂದಿನಿಂದ ಕಲಿತದ್ದು.

ಇಲ್ಲಿ ಪೈಲ್ವಾನರಿಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ನೀವು ಬಳಸುತ್ತಿಲ್ಲ. ದಸ್ತಿ ಎಳೆಯುವಾಗ ಏನು ಮಾಡುತ್ತೀರಿ? ಒಂದು ಕೈ ಎದುರಾಳಿಯ ಮಣಿಕಟ್ಟಿಗೆ, ಇನ್ನೊಂದು ಅವನ ಮೊಣಕೈ ಮೇಲಿನ ತೋಳಿಗೆ. ಎರಡೂ ಕೂಡಿ ಎಳೆದಾಗಲೇ ಅವನ ಮೈ ತಿರುಗಿ ಬೆನ್ನು ಸಿಗುತ್ತದೆ. ಬರೀ ಮಣಿಕಟ್ಟು ಹಿಡಿದು ದಸ್ತಿ ಎಳೆದವನನ್ನು ವಸ್ತಾದರು ಬೈಯದೆ ಬಿಡುವುದಿಲ್ಲ. ಲಾಕಿಗೂ ಅದೇ ಎರಡು ಹಿಡಿತ ಬೇಕು. ಕ್ಲಾಸಿಗೆ ಬಂದ ಮೇಲೆ ತಾಲೀಮಿನ ಕೈಗಳನ್ನು ಮರೆಯಬೇಡಿ.

ಇನ್ನು ನೆಲದ ಮೇಲೆ ಇದು ನಿಜವಾಗಿ ಎಲ್ಲಿ ಸಿಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಎದುರಾಳಿ ಅಂಗಾತ ಬಿದ್ದಿದ್ದಾನೆ, ನೀವು ಅವನ ಬಲಮಗ್ಗುಲಿಂದ ಅಡ್ಡವಾಗಿ ಎದೆಯ ಮೇಲೆ ಭಾರ ಹಾಕಿದ್ದೀರಿ. ಉಸಿರಿಗೆ ಜಾಗ ಮಾಡಿಕೊಳ್ಳಲು ಅವನು ಆಚೆಗಿನ ಕೈಯನ್ನು ಮಡಚಿ ನಿಮ್ಮ ಕತ್ತನ್ನು ತಳ್ಳುತ್ತಾನೆ. ಹೊಸಬರು ಆ ಮಣಿಕಟ್ಟನ್ನು ಕಂಡ ಕೂಡಲೇ ಅದಕ್ಕೆ ಕೈ ಹಾಕುತ್ತಾರೆ. ಅವಸರ ಬೇಡ. ಮೊದಲು ಎದೆಯನ್ನು ಅವನ ತೋಳಿನ ಮೇಲೆ ಜಾರಿಸಿ, ಅವನ ಮೊಣಕೈ ಮ್ಯಾಟಿಗೆ ಒತ್ತಿಕೊಳ್ಳುವಷ್ಟು ಭಾರ ಬಿಡಿ. ಮುಂಗೈ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಈಗ ಒಂದು ಅಂಗೈಯನ್ನು ಅವನ ಬೆರಳಿನ ಗಿಣ್ಣುಗಳ ಮೇಲೆ ಇಡಿ, ಅದರ ಮೇಲೆ ಇನ್ನೊಂದನ್ನು. ಬೆರಳುಗಳನ್ನು ಬಿಡಿಬಿಡಿಯಾಗಿ ಹಿಡಿಯಬಾರದು, ಇಡೀ ಕೈಬೆನ್ನು ನಿಮ್ಮ ಅಂಗೈಯೊಳಗೆ ಬರಬೇಕು. ಆಮೇಲೆ ಒತ್ತುವ ದಿಕ್ಕು: ಅವನ ಕೈಬೆನ್ನಿನಿಂದ ಅವನದೇ ಮೊಣಕೈಗೆ, ನೇರ ಕೆಳಗೆ. ಪಕ್ಕಕ್ಕೆ ತಿರುವುವ ಅಗತ್ಯವೇ ಇಲ್ಲ. ತೋಳಿನ ಬಲವೂ ಬೇಡ, ಎದೆಯ ಭಾರವನ್ನು ನಿಧಾನ ಮುಂದಕ್ಕೆ ತಂದರೆ ಸಾಕು. ಮೊಣಕೈಗೆ ಹೋಗಲು ದಾರಿ ಇಲ್ಲ, ಭುಜ ನಿಮ್ಮ ಎದೆಯ ಕೆಳಗಿದೆ. ಉಳಿದದ್ದು ಮಣಿಕಟ್ಟೊಂದೇ.

ಬ್ರೆಜಿಲಿನವರು ಈ ಲಾಕನ್ನು ‘ಮಾಂವ್ ಜಿ ವಾಕಾ’ ಅನ್ನುತ್ತಾರೆ. ಕೈಯನ್ನು ಅಂಗೈ ಕಡೆಗೆ ಮಡಚುವ ಈ ಬಗೆಯೇ ನೆಲದ ಕಾದಾಟದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವಂಥದ್ದು. ನಿಂತಾಗ ಹಾಕುವ ತಿರುವಿನ ಲಾಕ್‌ಗಳಿಗಿಂತ ನಾನು ಇದನ್ನೇ ನಂಬುತ್ತೇನೆ.

ಮಡಚುವುದರಿಂದ ಇನ್ನೊಂದು ಲಾಭವಿದೆ. ಒಂದು ಪೆನ್ನನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ. ಮುಷ್ಟಿ ಸಡಿಲವಾಗುತ್ತದೆ, ಎಷ್ಟೇ ಬಿಗಿ ಹಿಡಿದರೂ. ಬೆರಳು ಮಡಚುವ ಸ್ನಾಯುಗಳೂ ಬೆರಳು ಬಿಚ್ಚುವ ಸ್ನಾಯುಗಳೂ ಮಣಿಕಟ್ಟನ್ನು ದಾಟಿಯೇ ಬೆರಳಿಗೆ ಹೋಗಬೇಕು. ಕೈ ಒಳಕ್ಕೆ ಬಗ್ಗಿದಾಗ ಮಡಚುವವು ಸಡಿಲ ಬೀಳುತ್ತವೆ, ಹಿಂಬದಿಯವು ಬಿಗಿಯಾಗಿ ಬೆರಳನ್ನು ತೆರೆಯುತ್ತವೆ. ತೋಳಿನ ಲಾಕಿಗೆ ಹೋದಾಗ ಎದುರಾಳಿ ಎರಡೂ ಕೈ ಹೆಣೆದುಕೊಂಡು ಕೂರುತ್ತಾನಲ್ಲ, ಆಗ ಜೂಜಿತ್ಸುವಿನಲ್ಲಿ ಮಣಿಕಟ್ಟು ಮಡಚಿ ಆ ಹೆಣಿಗೆ ಬಿಡಿಸುತ್ತಾರೆ. ಸೋಲೊಪ್ಪಿಸುವುದಕ್ಕಿಂತ ಹಿಡಿತ ಬಿಡಿಸುವುದಕ್ಕೇ ಮಣಿಕಟ್ಟು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ನೀವು ಸಾಧನೆ ಶುರು ಮಾಡುವಾಗಲೂ ಅದನ್ನೇ ಗುರಿ ಇಟ್ಟುಕೊಳ್ಳಿ.

ಮಿತಿಯನ್ನೂ ಹೇಳಬೇಕು. ಬೆವರಿದ ಕೈ ಜಾರುತ್ತದೆ. ಕಬ್ಬು ಕಡಿದು, ಕುಂಟೆ ಹೊಡೆದು ಬಲಿತ ಮುಂಗೈಗಳು ನಿಮ್ಮ ಹಿಡಿಕೆಗೇ ಸಿಗುವುದಿಲ್ಲ. ಕೆಲವರ ಕೀಲು ಹುಟ್ಟಿನಿಂದಲೇ ಸಡಿಲ, ಎಷ್ಟು ಮಡಚಿದರೂ ನಗುತ್ತಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ನೋವಾದವನು ಬಿಟ್ಟುಬಿಡುತ್ತಾನೆ ಎಂಬ ಭರವಸೆ ಬೇಡ. 1951ರಲ್ಲಿ ರಿಯೊ ಡಿ ಜನೈರೊದ ಮಾರಕಾನಾ ಮೈದಾನದಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ, ಬ್ರೆಜಿಲಿನ ಎಲಿಯೊ ಗ್ರೇಸಿಗೆ ಉದೆ-ಗರಾಮಿ, ಅಂದರೆ ಮಡಚಿದ ತೋಳನ್ನು ತಿರುವುವ ಲಾಕ್, ಹಾಕಿದರು. ಕೈ ಮುರಿಯಿತು. ಎಲಿಯೊ ಸೋಲೊಪ್ಪಲಿಲ್ಲ, ಅವರ ಕಡೆಯವರು ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಆ ಲಾಕಿಗೆ ಇವತ್ತಿಗೂ ಜೂಜಿತ್ಸುವಿನಲ್ಲಿ ಕಿಮುರಾ ಎಂದೇ ಹೆಸರು. ತೋಳು ಮುರಿದರೂ ಮಣಿಯದ ಮನುಷ್ಯ ಮಣಿಕಟ್ಟು ನೋಯಿಸಿದರೆ ಮಣಿಯುತ್ತಾನೆಯೇ? ಮೂಗುದಾರ ಎಳೆದರೆ ಸಾಧು ಎತ್ತು ನಿಲ್ಲುತ್ತದೆ. ಬೆದರಿದ ಎತ್ತು ಮೂಗು ಹರಿದುಕೊಂಡಾದರೂ ಓಡುತ್ತದೆ. ಕುಡಿದವನೂ ಸಿಟ್ಟು ನೆತ್ತಿಗೇರಿದವನೂ ಆ ಬೆದರಿದ ಎತ್ತೇ. ಹಾಗಾಗಿ ನಾನು ಕಲಿಸುವಾಗ ಒಂದೇ ಕಟ್ಟುಪಾಡು ಇಟ್ಟಿದ್ದೇನೆ: ಲಾಕ್ ತಪ್ಪಿದರೂ ನೀವು ಮೇಲೆಯೇ ಇರಬೇಕು. ಲಾಕಿನ ಆಸೆಗೆ ಎದೆಯ ಭಾರ ತೆಗೆಯುವುದು, ಕಾಲು ಬಿಟ್ಟುಕೊಡುವುದು ನಡೆಯದು. ಊರಲ್ಲಿ ನಿಮ್ಮ ಕಾಲು ಸಿಕ್ಕಿಬಿದ್ದದ್ದು ಹೀಗೆಯೇ. ಎರಡೂ ಕೈ ಅವನ ಒಂದು ಮಣಿಕಟ್ಟಿನ ಮೇಲಿದ್ದಾಗ ನಿಮ್ಮ ತೊಡೆಯನ್ನು ಕಾಯುವವರು ಯಾರೂ ಇರಲಿಲ್ಲ.

ವಸ್ತಾದರ ಮಾತಿಗೆ ಬರುತ್ತೇನೆ. ಹಳೆಯ ಮಲ್ಲಯುದ್ಧವನ್ನು ಹನುಮಂತಿ, ಜಾಂಬವಂತಿ, ಜರಾಸಂಧಿ, ಭೀಮಸೇನಿ ಎಂದು ನಾಲ್ಕು ಬಗೆಯಾಗಿ ಹೇಳುವ ರೂಢಿ ಇದೆ. ಅದರಲ್ಲಿ ಜಾಂಬವಂತಿ ಎಂದರೆ ಕೀಲು ಕಟ್ಟಿ ಹಿಡಿಯುವುದು, ಜರಾಸಂಧಿ ಎಂದರೆ ಅಂಗ ಮುರಿಯುವುದು. ಅಂದರೆ ಕೀಲಿನ ಪಟ್ಟು ನಮಗೆ ಹೊರಗಿನದಲ್ಲ. ಆದರೆ ಬೆಳಗಾವಿಯ ಆನಂದವಾಡಿ ಆಖಾಡದಲ್ಲಾಗಲಿ ನಿಮ್ಮೂರ ಜಾತ್ರೆಯಲ್ಲಾಗಲಿ ಈಗ ಆಡುವ ಕುಸ್ತಿಯ ಗುರಿ ಎದುರಾಳಿಯನ್ನು ಚಿತ್ ಮಾಡುವುದು. ಬೆನ್ನು ಮಣ್ಣಿಗೆ ಮುಟ್ಟಿಸಲು ಕೈ ಮುರಿಯಬೇಕಿಲ್ಲ. ಮ್ಯಾಟ್ ಕುಸ್ತಿಯ ಅಂತರರಾಷ್ಟ್ರೀಯ ನಿಯಮವೂ ಬೆರಳು ತಿರುಚುವುದನ್ನು, ತೋಳನ್ನು 90 ಡಿಗ್ರಿಗಿಂತ ಹೆಚ್ಚು ತಿರುವುವುದನ್ನು ನಿಷೇಧಿಸಿದೆ. ವಸ್ತಾದರು ಹೇಳಿದ್ದು ಸರಿ.

ಜೂಡೋದವರೂ ಇದೇ ದಾರಿ ಹಿಡಿದರು. 1882ರಲ್ಲಿ ಕೊಡೋಕಾನ್ ಎಂಬ ಜೂಡೋ ಶಾಲೆ ಕಟ್ಟಿದ ಜಿಗೊರೊ ಕಾನೊ ಅವರ ನೇತೃತ್ವದಲ್ಲಿ 1899ರಲ್ಲಿ ಪಂದ್ಯದ ನಿಯಮ ಬರೆದಾಗ ಬೆರಳು, ಮಣಿಕಟ್ಟು, ಕಾಲಿನ ಗಿಣ್ಣು ಇವುಗಳ ಲಾಕ್‌ಗಳನ್ನು ಕೈಬಿಟ್ಟರು. 1925ರ ಹೊತ್ತಿಗೆ ಮೊಣಕೈ ಒಂದನ್ನೇ ಉಳಿಸಿದರು. ಕಾರಣ ಸರಳ. ದಿನವೂ ಪೂರ್ತಿ ಬಲ ಹಾಕಿ ಸೆಣಸಬೇಕೆಂದರೆ ಸಣ್ಣ ಕೀಲುಗಳನ್ನು ಬಿಡಲೇಬೇಕು. ಆ ವಿದ್ಯೆಯನ್ನು ಅವರು ಎಸೆಯಲಿಲ್ಲ. 1956ರಲ್ಲಿ ರೂಪಿಸಿದ ಆತ್ಮರಕ್ಷಣೆಯ ಕಾತಾದಲ್ಲಿ ಮಣಿಕಟ್ಟಿನ ಪಟ್ಟುಗಳು ಇವೆ, ನಿಗದಿಪಡಿಸಿದ ಚಲನೆಗಳಾಗಿ. ಮಧ್ಯ ಏಷ್ಯಾದ ಕುಸ್ತಿಯಾದ ಕುರಾಶ್ ಅಂತೂ ಇನ್ನೂ ಮುಂದೆ ಹೋಗಿ ನೆಲದ ಕಾದಾಟವನ್ನೇ ಬಿಟ್ಟಿದೆ. ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 52 ಕೆ.ಜಿ. ವಿಭಾಗದ ಕಂಚು ಗೆದ್ದದ್ದು ಲಾಕ್ ಎಂಬುದೇ ಇಲ್ಲದ ಈ ಕುರಾಶ್‌ನಲ್ಲಿ. ಹಿಡಿತ, ಹೆಜ್ಜೆ, ಎಸೆತ ಇಷ್ಟರಲ್ಲೇ ಅಲ್ಲಿಯವರೆಗೆ ಹೋಗಬಹುದು ಎಂಬುದು ನಮ್ಮ ಹುಡುಗರಿಗೆ ನೆನಪಿರಬೇಕು.

ನಿಮ್ಮ ಕ್ಲಾಸಿನ ನಿಯಮವೂ ಸುಮ್ಮನೆ ಬಂದದ್ದಲ್ಲ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜೂಜಿತ್ಸು ಫೆಡರೇಶನ್ ತನ್ನ ಪಂದ್ಯಗಳಲ್ಲಿ ರಿಸ್ಟ್ ಲಾಕನ್ನು ವಯಸ್ಕರಿಗೆ ಮಾತ್ರ, ಅದೂ ನೀಲಿ ಬೆಲ್ಟಿನಿಂದ ಮೇಲಿನವರಿಗೆ ಬಿಟ್ಟಿದೆ. ಬಿಳಿ ಬೆಲ್ಟಿನವರಿಗೂ ಮಕ್ಕಳಿಗೂ ನಿಷೇಧ. ಮೊಣಕೈ ಲಾಕಿನಲ್ಲಿ ತೋಳು ನೆಟ್ಟಗಾಗುವುದು ಕಣ್ಣಿಗೆ ಕಾಣುತ್ತದೆ, ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು, ಹೊತ್ತು ಸಿಗುತ್ತದೆ. ಮಣಿಕಟ್ಟಿನ ಪಯಣ ಚಿಕ್ಕದು. ನೋವು ಶುರುವಾಗುವುದಕ್ಕೂ ಎಲುಬುಗಳನ್ನು ಬಿಗಿದಿಡುವ ಕಟ್ಟು ಹರಿಯುವುದಕ್ಕೂ ನಡುವೆ ಅಂತರ ಕಡಿಮೆ. ಹರಿದ ಕಟ್ಟು ಎಲುಬಿನಷ್ಟು ಬೇಗ ಕೂಡುವುದೂ ಇಲ್ಲ. ಕಿರುಬೆರಳಿನ ಕಡೆಯ ಮೆತ್ತೆ ಹರಿದವರು ಬಾಗಿಲ ಹಿಡಿಕೆ ತಿರುವುವಾಗ, ಗಾಡಿಯ ಎಕ್ಸಲರೇಟರ್ ಹಿಡಿದಾಗ ತಿಂಗಳುಗಟ್ಟಲೆ ನರಳುವುದನ್ನು ನಾನು ನೋಡಿದ್ದೇನೆ.

ಇದಕ್ಕಾಗಿಯೇ ನಿಮಗೆ ಒತ್ತಿ ಹೇಳುವುದು: ತಾಲೀಮಿನ ಹುಡುಗರ ಮೇಲೆ ಇದನ್ನು ಹಾಕಬೇಡಿ. ಕುಸ್ತಿಯಲ್ಲಿ ಟ್ಯಾಪ್ ಎಂಬುದೇ ಇಲ್ಲ. ನೋವಾದರೆ ಹಲ್ಲು ಕಚ್ಚಿ ಬಿಡಿಸಿಕೊಳ್ಳಬೇಕು ಎಂದೇ ಅವರಿಗೆ ಕಲಿಸಿದ್ದೇವೆ. ನೀವು ಸರಿಯಾಗಿ ಮೊಣಕೈ ಕಟ್ಟಿ ಲಾಕ್ ಹಾಕಿದ ದಿನ, ಆ ಹುಡುಗ ಕಲಿತಂತೆಯೇ ಜೋರಾಗಿ ಕೈ ಕೀಳುತ್ತಾನೆ. ಮುರಿಯುವುದು ಅವನ ಕೈ. ಮರುದಿನ ಹೊಲಕ್ಕೆ ಹೋಗಬೇಕಾದ ಕೈ ಅದು. ಇಲ್ಲಿಯವರೆಗೆ ನಿಮ್ಮ ಲಾಕ್ ಕೂಡದೇ ಇದ್ದದ್ದು ಅವರಿಗೆ ಒಳ್ಳೆಯದೇ ಆಯಿತು.

ಆತ್ಮರಕ್ಷಣೆಗೆ ಬಳಸಬಹುದೇ ಎಂದು ನೀವು ಕೇಳಿಲ್ಲ, ಕೇಳುವವರು ಬಹಳ. ಯಾರಾದರೂ ಕೈ ಹಿಡಿದರೆ ಅವರ ಹೆಬ್ಬೆರಳು ಮತ್ತು ಬೆರಳುಗಳು ಕೂಡುವ ಸಂದಿನ ಕಡೆಗೆ ನಿಮ್ಮ ಮುಂಗೈಯ ಅಂಚು ತಿರುಗಿಸಿ, ಮೊಣಕೈ ಮುಂದಿಟ್ಟು ಕೈ ಬಿಡಿಸಿಕೊಂಡು ಅಲ್ಲಿಂದ ಹೊರಡಿ. ಅಷ್ಟು ಸಾಕು. ನಿಂತು ಲಾಕ್ ಹಾಕಲು ಹೋಗಬೇಡಿ. ಎಲುಬು ಮುರಿಯುವುದು ಅಥವಾ ಕೀಲು ತಪ್ಪುವುದು ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಪ್ರಕಾರ ತೀವ್ರ ಗಾಯ. ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಷ್ಟು ಅದು ಚಾಚುವುದಿಲ್ಲ.

ಡಾಕ್ಟರ್ ಒಪ್ಪಿದ ಮೇಲೆ ಹೀಗೆ ಮುಂದುವರಿಯಿರಿ. ಮೊದಲ ಕೆಲವು ತಿಂಗಳು ಮಣಿಕಟ್ಟಿನ ಹೆಸರೇ ಎತ್ತಬೇಡಿ. ಮೇಲಿದ್ದಾಗ ಭಾರ ಬಿಡುವುದು, ಎದುರಾಳಿಯ ಮೊಣಕೈಯನ್ನು ಅವನ ಪಕ್ಕೆಯಿಂದ ಬೇರೆ ಮಾಡುವುದು, ಅದನ್ನು ಎದೆಗೋ ಮ್ಯಾಟಿಗೋ ಕಟ್ಟುವುದು ಇಷ್ಟನ್ನೇ ಮಾಡಿ. ನಂತರ ಉದೆ-ಗರಾಮಿ ಕಲಿಯಿರಿ. ಅದರಲ್ಲಿ ಮಣಿಕಟ್ಟಿನ ಹಿಡಿತವೂ ಇದೆ, ಮೊಣಕೈ ಕಟ್ಟುವುದೂ ಇದೆ, ಮುಗಿಯುವುದು ಮಾತ್ರ ದೊಡ್ಡ ಕೀಲಿನಲ್ಲಿ. ಅದು ಕೈಗೆ ಬಂದ ಮೇಲೆ ಕ್ಲಾಸಿನ ಗುರುಗಳನ್ನೇ ಕೇಳಿ ರಿಸ್ಟ್ ಲಾಕ್ ಶುರು ಮಾಡಿ. ಹಿರಿಯ ಬೆಲ್ಟಿನ ಒಬ್ಬ ಜೊತೆಗಾರ ಇರಲಿ. ಹಾಕುವ ಮೊದಲು ಬಾಯಿಬಿಟ್ಟು ಹೇಳಿ, ಒತ್ತುವಾಗ ಅವನ ಮುಖ ನೋಡುತ್ತಿರಿ. ಎರಡೂ ಕೈ ಸಿಕ್ಕಿಬಿದ್ದವನು ಟ್ಯಾಪ್ ಮಾಡಲಾರ, ಆದ್ದರಿಂದ “ಸಾಕು” ಎಂಬ ಮಾತಿಗೇ ಬಿಡಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಮೇಲೆ ಬಿದ್ದಾಗ ನೋವಿಗೆ ಕಾಯದೆ, ಮೊಣಕೈ ಕಟ್ಟಿಬಿತ್ತು ಎಂದು ಗೊತ್ತಾದ ಕೂಡಲೇ ಟ್ಯಾಪ್ ಮಾಡಿ. ಹೈಸ್ಕೂಲ್ ಹುಡುಗರು ಕಲಿಸು ಎಂದು ಗಂಟುಬಿದ್ದರೂ ಬೇಡ ಅನ್ನಿ. ಅವರ ಮುಂಗೈ ಎಲುಬಿನ ಬೆಳೆಯುವ ತುದಿ ಮಣಿಕಟ್ಟಿನ ಪಕ್ಕದಲ್ಲೇ ಇರುತ್ತದೆ, ಅಲ್ಲಿ ಪೆಟ್ಟಾದರೆ ಕೈಯ ಬೆಳವಣಿಗೆಯೇ ಕುಂಠಿತವಾಗಬಹುದು. ಅವರಿಗೆ ದಸ್ತಿ ಕಲಿಸಿ.